ನಮ್ಮ ನಂತರವೂ ಅದು ಕಾಡಾಗಿಯೇ ಇರಲಿ ಎಂದರೆ

ತೋಟದ ನೆತ್ತಿಯಲ್ಲಿ ಎರಡು ಎಕರೆ ಕಾಡು. ಅಜ್ಜ ಕಡಿಯಲಿಲ್ಲ, ಅಪ್ಪ ಕಡಿಯಲಿಲ್ಲ, ಈಗಿನ ಯಜಮಾನರೂ ಕಡಿಯುವವರಲ್ಲ. ಅದರ ಬುಡದಲ್ಲಿ ಅಬ್ಬಿ ನೀರು ಹುಟ್ಟುತ್ತದೆ, ಗೋಳಿಮರ ಹಣ್ಣು ಬಿಟ್ಟಾಗ ಮಂಗಟ್ಟೆ ಹಿಂಡು ಬರುತ್ತದೆ. ಮಗ ಬೆಂಗಳೂರಿನಲ್ಲಿ, ಮಗಳು ಡಲ್ಲಾಸ್‌ನಲ್ಲಿ. ಮಲೆನಾಡಿನಲ್ಲಿ ಇಂಥ ಮನೆ ಈಗ ಊರಿಗೊಂದಾದರೂ ಸಿಗುತ್ತದೆ. ಕಾಫಿ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಅಲ್ಲಿ ಕೇಳಿಬರುವ ಮಾತೂ ಒಂದೇ: “ನಾನಿರುವ ತನಕ ತೊಂದರೆ ಇಲ್ಲ. ಆಮೇಲೆ?”

ಅಮೆರಿಕದಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರವಿದೆ. ಜಮೀನಿನ ಮಾಲೀಕ ತನ್ನ ಭೂಮಿಯಲ್ಲಿ ಕಟ್ಟಡ ಕಟ್ಟುವ, ಸೈಟು ಮಾಡುವ ಹಕ್ಕನ್ನು ಮಾತ್ರ ಒಂದು ಸಂರಕ್ಷಣಾ ಸಂಸ್ಥೆಗೆ ಬರೆದುಕೊಡುತ್ತಾನೆ. ಭೂಮಿ ಅವನದೇ ಆಗಿ ಉಳಿಯುತ್ತದೆ, ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಯಾರ ಕೈಗೆ ಹೋದರೂ ಆ ನಿರ್ಬಂಧ ಭೂಮಿಯ ಬೆನ್ನು ಬಿಡುವುದಿಲ್ಲ. ನಮ್ಮಲ್ಲಿ ಹಾಗಿಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಒಬ್ಬರ ಜಮೀನಿನ ಮೇಲೆ ಇನ್ನೊಬ್ಬರ ಹಕ್ಕನ್ನು ಒಪ್ಪುತ್ತದೆ, ಆದರೆ ಆ ಇನ್ನೊಬ್ಬರಿಗೂ ಅದರಿಂದ ಪ್ರಯೋಜನ ಪಡೆಯುವ ಒಂದು ಜಮೀನು ಇರಬೇಕು. ದಾರಿಯ ಹಕ್ಕು, ನೀರಿನ ಕಾಲುವೆಯ ಹಕ್ಕು ಹುಟ್ಟುವುದು ಹೀಗೆ. ಮಂಗಟ್ಟೆಯ ಹೆಸರಿನಲ್ಲಿ ಪಹಣಿ ಇಲ್ಲವಲ್ಲ.

ಹಾಗಾಗಿ ಕರ್ನಾಟಕದ ಭೂಮಾಲೀಕರಿಗೆ ಒಂದೇ ಬೀಗದಲ್ಲಿ ಕೆಲಸ ಮುಗಿಯುವುದಿಲ್ಲ. ಇರುವ ಕಾನೂನುಗಳಲ್ಲೇ ಎರಡು ಮೂರು ಬೀಗ ಆರಿಸಿ, ಒಂದರ ಮೇಲೊಂದು ಹಾಕಬೇಕು. ಅದು ಸಾಧ್ಯವಿದೆ.

ಮೊದಲು ಪಹಣಿ ತೆಗೆಯಿರಿ

ಉತ್ಸಾಹದಲ್ಲಿ ಟ್ರಸ್ಟ್ ಮಾಡಲು ಓಡುವ ಮೊದಲು ಕೇಳಬೇಕಾದ ಪ್ರಶ್ನೆ: ಆ ಕಾಡು ನಿಜವಾಗಿ ನಿಮ್ಮದೇ?

ಪ್ರಶ್ನೆ ಒರಟಾಗಿ ಕಾಣಬಹುದು. ಆದರೆ ಮಲೆನಾಡು, ಕರಾವಳಿಗಳಲ್ಲಿ ‘ನಮ್ಮ ಕಾಡು’ ಎಂದು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದ ಜಾಗ ಕಾಗದದಲ್ಲಿ ಬೇರೆಯವರದ್ದಾಗಿರುವುದು ಅಪರೂಪವಲ್ಲ. ಉತ್ತರ ಕನ್ನಡ, ಶಿವಮೊಗ್ಗದ ಕಡೆಯ ಸೊಪ್ಪಿನಬೆಟ್ಟ ಅಡಿಕೆ ತೋಟದವರಿಗೆ ಸೊಪ್ಪು, ದರಕು ತರಲು ಸಿಕ್ಕ ಸವಲತ್ತು. ಭೂಮಿ ಸರ್ಕಾರದ್ದು. ದಕ್ಷಿಣ ಕನ್ನಡದ ಕುಮ್ಕಿಯೂ ಹಾಗೆಯೇ, ವರ್ಗ ಜಮೀನಿನ ಸುತ್ತ ನೂರು ಗಜದವರೆಗಿನ ಅನುಕೂಲದ ಜಾಗ. ಕೊಡಗಿನ ಬಾಣೆಯದು ಇನ್ನೂ ದೊಡ್ಡ ಕಥೆ. ಅಲ್ಲಿ ಭೂಮಿ ನಿಮ್ಮದಾದರೂ ಮರ ನಿಮ್ಮದಲ್ಲದೆ ಇರಬಹುದು, ‘ರಿಡೀಮ್’ ಆದ ಜಮೀನೋ ಅಲ್ಲವೋ ಎಂಬುದರ ಮೇಲೆ ಮರದ ಹಕ್ಕು ನಿಂತಿದೆ. ಸರ್ಕಾರದ ಭೂಮಿಯನ್ನು ನೀವು ಯಾರಿಗೂ ದಾನ ಕೊಡಲಾರಿರಿ. ಅದನ್ನು ಕಡಿಯದೆ, ಕಡಿಯಗೊಡದೆ ಕಾಯಬಹುದು, ಅಷ್ಟೇ. ಅದೂ ಸಣ್ಣ ಕೆಲಸವೇನಲ್ಲ.

ಇನ್ನು ಮಂಜೂರಾದ ಜಮೀನು. ಮಂಜೂರಾತಿ ಆದೇಶದಲ್ಲಿ ಪರಭಾರೆ ಮಾಡಬಾರದೆಂಬ ಷರತ್ತು ಇದೆಯೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯಾಗಿದ್ದರೆ 1978ರ ಪರಭಾರೆ ನಿಷೇಧ ಕಾಯ್ದೆ ಬರುತ್ತದೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ವರ್ಗಾವಣೆ ಅಸಿಂಧು. ಕಾಡು ಉಳಿಸಲೆಂದು ಇಂಥ ಜಮೀನು ಕೊಳ್ಳಹೊರಟವರೂ ಇದನ್ನು ಮೊದಲೇ ತಿಳಿದಿರಬೇಕು.

ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲವೋ ಬೇರೆ ಹಕ್ಕೋ ಏರಿದೆಯೇ ಎಂದು ನೋಡಿ. ಇಸಿ ತೆಗೆಸಿ. ಕಾಡು ಇರುವುದು ಸರ್ವೆ ನಂಬರಿನ ಒಂದು ಭಾಗದಲ್ಲಿ ಮಾತ್ರವಾದರೆ ಆ ಭಾಗಕ್ಕೆ 11ಇ ನಕ್ಷೆ ಮಾಡಿಸದೆ ನೋಂದಣಿ ಆಗುವುದಿಲ್ಲ. ಗಡಿಯ ಬಗ್ಗೆ ಪಕ್ಕದವರೊಡನೆ ಗುಸುಗುಸು ಇದ್ದರೆ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿ. ತಕರಾರಿರುವ ಭೂಮಿಯನ್ನು ಟ್ರಸ್ಟಿಗೆ ಕೊಡುವುದೆಂದರೆ ಅದಕ್ಕೆ ಒಂದು ಕೇಸನ್ನು ದಾನ ಕೊಟ್ಟಂತೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮನೆಯೊಳಗೆ. ಪಿತ್ರಾರ್ಜಿತ ಆಸ್ತಿಯಾದರೆ ಯಜಮಾನರೊಬ್ಬರೇ ಸಹಿ ಹಾಕಿದ ದಾನಪತ್ರ ನಿಲ್ಲುವುದು ಕಷ್ಟ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಾನ ಹಕ್ಕುದಾರರು. ಮೊದಲು ಪಾಲು ಮಾಡಿಕೊಂಡು, ಆ ಕಾಡು ನಿಮ್ಮ ಹಿಸ್ಸೆಗೆ ಬರುವಂತೆ ನೋಂದಾಯಿತ ವಿಭಾಗಪತ್ರ ಮಾಡಿಸಿಕೊಂಡರೆ ಮುಂದಿನ ಹೆಜ್ಜೆ ಗಟ್ಟಿ. ಅಥವಾ ಎಲ್ಲ ಹಕ್ಕುದಾರರೂ ಒಟ್ಟಿಗೆ ಸಹಿ ಹಾಕಲಿ. ಎರಡನೆಯದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ತಾನೇ ಸಹಿ ಹಾಕಿದ ಮಗಳು ಮುಂದೆ ಆ ಕಾಗದವನ್ನು ಕೋರ್ಟಿಗೆ ಎಳೆಯುವುದು ಕಡಿಮೆ. ಮಕ್ಕಳು ವಿದೇಶದಲ್ಲಿದ್ದರೆ ಇನ್ನೊಂದು ವಿಷಯ: ಅನಿವಾಸಿ ಭಾರತೀಯರೂ ಒಸಿಐ ಕಾರ್ಡಿನವರೂ ಕೃಷಿಭೂಮಿಯನ್ನು ವಾರಸಾಗಿ ಪಡೆಯಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಹಾಗೆ ಬಂದದ್ದನ್ನು ಮಾರುವುದಾದರೆ ಇಲ್ಲೇ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು. ಅಲ್ಲಿಂದ ಬಂದು ನೋಡಿಕೊಳ್ಳಲಾಗದ ಮಕ್ಕಳ ಪಾಲಿಗೆ ಅಪ್ಪ ಅಮ್ಮ ಬದುಕಿರುವಾಗಲೇ ಆದ ತೀರ್ಮಾನ ಒಂದು ನೆಮ್ಮದಿ.

ಸಮುದಾಯ ಮೀಸಲು: ಕಾನೂನಿನ ಬಲ ಹೆಚ್ಚು, ಬಳಕೆ ಕಡಿಮೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ 36ಸಿ ಎಂಬ ಕಲಂ ಸೇರಿಸಿತು. ಒಂದು ಸಮುದಾಯವೋ ಒಬ್ಬ ವ್ಯಕ್ತಿಯೋ ವನ್ಯಜೀವಿ ಮತ್ತು ಅದರ ನೆಲೆಯನ್ನು ಕಾಯಲು ತಾವಾಗಿ ಮುಂದೆ ಬಂದರೆ, ಅವರ ಭೂಮಿಯನ್ನು ರಾಜ್ಯ ಸರ್ಕಾರ ‘ಸಮುದಾಯ ಮೀಸಲು’ ಎಂದು ಘೋಷಿಸಬಹುದು. ‘ಸಮುದಾಯ’ ಎಂಬ ಹೆಸರು ಕೇಳಿ ಇದು ಊರೊಟ್ಟಿನ ಜಾಗಕ್ಕೆ ಮಾತ್ರ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ, ಕಲಂನಲ್ಲಿ ‘ವ್ಯಕ್ತಿ’ ಎಂಬ ಪದವೂ ‘ಖಾಸಗಿ ಭೂಮಿ’ ಎಂಬ ಪದವೂ ಇವೆ. ಭೂಮಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಅಥವಾ ಸಂರಕ್ಷಣಾ ಮೀಸಲಿನ ಒಳಗಿರಬಾರದು ಎಂಬುದೊಂದು ಷರತ್ತು.

ಘೋಷಣೆಯಾದ ಮೇಲೂ ಒಡೆತನ ನಿಮ್ಮದೇ. ಬದಲಾಗುವುದು ಇದು: ಆ ಭೂಮಿಯ ಬಳಕೆಯನ್ನು ಬದಲಿಸಬೇಕಾದರೆ ನಿರ್ವಹಣಾ ಸಮಿತಿ ನಿರ್ಣಯ ಮಾಡಬೇಕು, ಅದಕ್ಕೆ ರಾಜ್ಯ ಸರ್ಕಾರ ಒಪ್ಪಿಗೆ ಕೊಡಬೇಕು. ಅಂದರೆ ನಾಳೆ ನಿಮ್ಮ ಮೊಮ್ಮಗ ಅಲ್ಲಿ ರೆಸಾರ್ಟ್ ಕಟ್ಟಬೇಕೆಂದರೆ ಅವನೊಬ್ಬನ ಇಷ್ಟ ಸಾಲದು. ಅಮೆರಿಕದ ಆ ವ್ಯವಸ್ಥೆಗೆ ನಮ್ಮಲ್ಲಿ ಅತಿ ಹತ್ತಿರದ್ದು ಇದೇ. ಖಾಸಗಿ ಭೂಮಿಯಾದರೆ ಸಮಿತಿಯಲ್ಲಿ ಮಾಲೀಕರು, ಅರಣ್ಯ ಇಲಾಖೆಯ ಪ್ರತಿನಿಧಿ, ಪಂಚಾಯಿತಿ ಅಥವಾ ಬುಡಕಟ್ಟು ಸಮುದಾಯದ ಪ್ರತಿನಿಧಿ ಇರಬೇಕೆಂದು 2022ರ ತಿದ್ದುಪಡಿ ಸ್ಪಷ್ಟಪಡಿಸಿತು. ಅದಕ್ಕೂ ಮೊದಲು ಮಾಲೀಕರ ಸ್ಥಾನವೇ ಮಸುಕಾಗಿತ್ತು, ಹಲವರು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಯಾವುದೋ ಕಾಡಿನಲ್ಲಲ್ಲ, ಮನೆ ಹಿತ್ತಲಿನ ಹುಣಸೆ, ಆಲ, ಅರಳಿ ಮರಗಳಲ್ಲಿ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರವರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸ ಮಾಡಿತು. 2007ರಲ್ಲಿ ಅದು ಸಮುದಾಯ ಮೀಸಲಾಯಿತು. ಹಕ್ಕಿ ಕೂತ ಹುಣಸೆಮರದ ಫಸಲು ಮನೆಯವರಿಗೆ ಸಿಗುವುದಿಲ್ಲ, ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುವ ಏರ್ಪಾಡಿದೆ. ಗಮನಿಸಬೇಕಾದದ್ದು, ಇಲ್ಲಿ ಕಾದದ್ದು ಎಕರೆಗಳನ್ನಲ್ಲ, ಮರಗಳನ್ನು. ನಿಮ್ಮಲ್ಲಿ ಇರುವುದು ಐದು ಗುಂಟೆ ಮತ್ತು ಎರಡು ಹಳೆ ಆಲದ ಮರವಾದರೂ ಈ ವಿಷಯ ನಿಮಗೆ ಸಂಬಂಧಿಸಿದ್ದೇ.

ಅರ್ಜಿ ಹೋಗಬೇಕಾದ್ದು ಜಿಲ್ಲೆಯ ಡಿಎಫ್‌ಒ ಕಚೇರಿಗೆ. ನಕ್ಷೆ, ಪಹಣಿ, ಒಡೆತನದ ದಾಖಲೆಗಳ ಜೊತೆ ಅಲ್ಲಿ ಕಂಡ ಪ್ರಾಣಿ, ಪಕ್ಷಿ, ಮರಗಳ ಪಟ್ಟಿ ಇಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗದವರು ಇಂಥ ಪಟ್ಟಿ ಮಾಡಿಕೊಡಲು ಸಾಮಾನ್ಯವಾಗಿ ಸಂತೋಷದಿಂದ ಬರುತ್ತಾರೆ, ಊಟ ಹಾಕಿದರೆ ಸಾಕು. ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂಬುದು 2002ರ ಜೀವವೈವಿಧ್ಯ ಕಾಯ್ದೆಯ ವಿಧಿ. ಆ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಕಾಡನ್ನು ಸೇರಿಸಲು ಪಿಡಿಒಗೆ ಪತ್ರ ಕೊಡಿ. ಅದರಿಂದ ರಕ್ಷಣೆ ಸಿಗುವುದಿಲ್ಲ. ಆದರೆ ಹತ್ತು ವರ್ಷದ ನಂತರ “ಅಲ್ಲಿ ಏನಿತ್ತು?” ಎಂದು ಯಾರಾದರೂ ಕೇಳಿದರೆ ಉತ್ತರ ಸರ್ಕಾರಿ ಪುಸ್ತಕದಲ್ಲಿರುತ್ತದೆ.

ಅರ್ಜಿ ಕೊಟ್ಟ ಮಾತ್ರಕ್ಕೆ ಅಧಿಸೂಚನೆ ಹೊರಡುತ್ತದೆ ಎಂದು ನಂಬಿ ಕೂರಬೇಡಿ. ‘ಘೋಷಿಸಬಹುದು’ ಎಂದಿದೆ ಕಾಯ್ದೆ, ‘ಘೋಷಿಸಬೇಕು’ ಎಂದಿಲ್ಲ. ಅದಕ್ಕೇ ಎರಡನೇ ಬೀಗ ಬೇಕು.

ಟ್ರಸ್ಟ್: ಯಾರ ಕೈಯಲ್ಲಿ ಕೀಲಿ

ಕೊಡಗಿನ ತೆರಾಲು ಗ್ರಾಮದಲ್ಲಿ, ಬ್ರಹ್ಮಗಿರಿ ಅಭಯಾರಣ್ಯದ ಮಗ್ಗುಲಲ್ಲಿ, ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡರು. ಮಳೆ ಅತಿಯಾಗಿ ಬೇಸಾಯ ಕೈಗೆ ಹತ್ತದೆ ಬಿಟ್ಟಿದ್ದ ಜಮೀನು. ಅಕ್ಕಪಕ್ಕದವರು ಮಾರಲು ಬಂದಾಗಲೆಲ್ಲ ಕೊಳ್ಳುತ್ತ ಹೋಗಿ ಅದು ಸುಮಾರು 300 ಎಕರೆಯಾಯಿತು. ನೀರುನಾಯಿ, ಆನೆ, ಮಂಗಟ್ಟೆಗಳು ಅಲ್ಲಿ ನೆಲೆಯಾದವು. ಪಮೇಲಾ ಅವರಿಗೆ 2017ರಲ್ಲಿ ನಾರಿ ಶಕ್ತಿ ಪುರಸ್ಕಾರ ಬಂತು. 2021ರಲ್ಲಿ ಅನಿಲ್ ತೀರಿಕೊಂಡರು. ಈ ಕಥೆಯನ್ನು ಪತ್ರಿಕೆಗಳು ಸಾಮಾನ್ಯವಾಗಿ ಪ್ರೇಮಕಥೆಯಾಗಿ ಬರೆಯುತ್ತವೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಅವರು ಕಾಡು ಬೆಳೆಸುತ್ತಲೇ ‘ಸಾಯಿ ಸ್ಯಾಂಕ್ಚುವರಿ’ ಎಂಬ ಟ್ರಸ್ಟನ್ನೂ ಕಟ್ಟಿದರು. ಒಬ್ಬರು ಹೋದ ಮೇಲೂ ಉಳಿಯುವ ಒಂದು ಚೌಕಟ್ಟು ಆ ಕಾಡಿಗೆ ಇತ್ತು.

ಟ್ರಸ್ಟ್ ಮಾಡುವುದಾದರೆ ಅದು ಸಾರ್ವಜನಿಕ ದತ್ತಿ ಟ್ರಸ್ಟ್ ಆಗಿರಲಿ, ಕುಟುಂಬದ ಖಾಸಗಿ ಟ್ರಸ್ಟ್ ಬೇಡ. ಕಾರಣ ಇದು: ಆಸ್ತಿಯನ್ನು ಅನಂತಕಾಲಕ್ಕೆ ಕಟ್ಟಿಹಾಕುವುದನ್ನು ನಮ್ಮ ಆಸ್ತಿ ವರ್ಗಾವಣೆ ಕಾಯ್ದೆ ಒಪ್ಪುವುದಿಲ್ಲ. ಆದರೆ ಅದೇ ಕಾಯ್ದೆಯ 18ನೇ ಕಲಂ ಸಾರ್ವಜನಿಕ ಹಿತಕ್ಕಾಗಿ ಮಾಡುವ ವರ್ಗಾವಣೆಗೆ ಆ ನಿಯಮದಿಂದ ವಿನಾಯಿತಿ ಕೊಡುತ್ತದೆ. ‘ಶಾಶ್ವತ’ ಎಂಬ ಪದಕ್ಕೆ ಕಾನೂನಿನಲ್ಲಿ ಜಾಗ ಇರುವುದು ಇಲ್ಲೇ. ಕಾಡು, ವನ್ಯಜೀವಿ, ಜಲಾನಯನ ಪ್ರದೇಶಗಳ ಸಂರಕ್ಷಣೆಯನ್ನು ಆದಾಯ ತೆರಿಗೆ ಕಾನೂನೂ ದತ್ತಿ ಉದ್ದೇಶ ಎಂದು ಒಪ್ಪಿದೆ.

ಟ್ರಸ್ಟ್ ಡೀಡ್ ಬರೆಯುವಾಗ ವಕೀಲರು ಕಂಪ್ಯೂಟರಿನಲ್ಲಿರುವ ಹಳೆಯ ಶಾಲೆ, ದೇವಸ್ಥಾನದ ಡೀಡನ್ನೇ ಹೆಸರು ಬದಲಿಸಿ ಕೊಡುವ ಅಪಾಯ ಉಂಟು. ಓದದೆ ಸಹಿ ಹಾಕಬೇಡಿ. ಉದ್ದೇಶದ ಪ್ಯಾರಾದಲ್ಲಿ ‘ಸಮಾಜ ಸೇವೆ, ಶಿಕ್ಷಣ, ಆರೋಗ್ಯ, ಪರಿಸರ ಇತ್ಯಾದಿ’ ಎಂದಿದ್ದರೆ ನಾಳೆ ಅಲ್ಲಿ ನರ್ಸಿಂಗ್ ಕಾಲೇಜು ಎದ್ದರೂ ಅದು ಟ್ರಸ್ಟಿನ ಉದ್ದೇಶವೇ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಹಾಕಿ, ‘ಈ ಭೂಮಿ ವನ್ಯಜೀವಿಗಳ ನೆಲೆಯಾಗಿ ಮಾತ್ರ’ ಎಂದು ಬರೆಸಿ. ಏನು ಮಾಡಬಾರದು ಎಂಬುದನ್ನೂ ಬಿಡಿಸಿ ಬರೆಸಿ: ಮಾರಾಟ, ಅಡಮಾನ, ದೀರ್ಘ ಗುತ್ತಿಗೆ, ಗಣಿ, ಕಟ್ಟಡ, ಮರ ಕಡಿತ. ಒಂದು ಕಾವಲು ಮನೆ ಬೇಕೇ ಬೇಕೆಂದಾದರೆ ಅದರ ಅಳತೆಯನ್ನೂ ಬರೆಯಿರಿ. ಬರೆಯದಿದ್ದರೆ ಕಾವಲು ಮನೆ ಹೋಮ್‌ಸ್ಟೇ ಆಗಲು ಎರಡು ವರ್ಷ ಸಾಕು.

ಟ್ರಸ್ಟಿಗಳಲ್ಲಿ ಮನೆಯವರು ಅಲ್ಪಸಂಖ್ಯಾತರಾಗಿರಲಿ. ಒಬ್ಬ ಜೀವಶಾಸ್ತ್ರ ಬಲ್ಲವರು, ಒಬ್ಬರು ಊರಿನವರು, ಒಬ್ಬರು ಲೆಕ್ಕ ಬಲ್ಲವರು. ಟ್ರಸ್ಟಿಯೊಬ್ಬರು ತೀರಿಕೊಂಡರೆ ಅವರ ಜಾಗಕ್ಕೆ ಯಾರು, ಹೇಗೆ ಎಂಬ ಸಾಲನ್ನು ಮರೆಯಬೇಡಿ. ಟ್ರಸ್ಟೇ ಮುಚ್ಚಿಹೋದರೆ ಭೂಮಿ ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೋ ಅರಣ್ಯ ಇಲಾಖೆಗೋ ಹೋಗಬೇಕು ಎಂಬ ಸಾಲೂ ಇರಲಿ. ಟ್ರಸ್ಟಿಗಳೇ ದಾರಿ ತಪ್ಪಿದರೆ? ಸಾರ್ವಜನಿಕ ಟ್ರಸ್ಟಾದ್ದರಿಂದ ಅದರಲ್ಲಿ ಆಸಕ್ತಿಯಿರುವ ಇಬ್ಬರು ಸೇರಿ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ದಾವೆ ಹೂಡಬಹುದು. ಖಾಸಗಿ ಟ್ರಸ್ಟಿನಲ್ಲಿ ಊರಿನವರಿಗೆ ಈ ಬಾಗಿಲು ಇರುವುದಿಲ್ಲ.

ಭೂಮಿಯನ್ನು ಟ್ರಸ್ಟಿಗೆ ಕೊಡುವ ದಾನಪತ್ರ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು, ನೀವು ಬದುಕಿರುವಾಗಲೇ ಟ್ರಸ್ಟ್ ಅದನ್ನು ಸ್ವೀಕರಿಸಬೇಕು. ಮಕ್ಕಳಿಗೆ ದಾನ ಕೊಡುವಾಗ ಮುದ್ರಾಂಕ ಶುಲ್ಕದಲ್ಲಿ ಸಿಗುವ ರಿಯಾಯಿತಿ ಇಲ್ಲಿಗಿಲ್ಲ, ಮಾರ್ಗಸೂಚಿ ದರದ ಮೇಲೆ ಲೆಕ್ಕ ಬೀಳುತ್ತದೆ. ಮೊದಲೇ ವಿಚಾರಿಸಿ ಹಣ ಹೊಂದಿಸಿಕೊಳ್ಳಿ. ಆಮೇಲೆ ಖಾತೆ ಬದಲಾವಣೆ ಮಾಡಿಸಿ, ಪಹಣಿಯಲ್ಲಿ ಟ್ರಸ್ಟಿನ ಹೆಸರು ಕಾಣುವವರೆಗೆ ಕೆಲಸ ಮುಗಿಯಿತು ಎನ್ನಬೇಡಿ. ಟ್ರಸ್ಟ್, ಸಂಸ್ಥೆಗಳು ಕೃಷಿಭೂಮಿ ಹೊಂದುವುದಕ್ಕೆ 1961ರ ಭೂಸುಧಾರಣಾ ಕಾಯ್ದೆಯಲ್ಲಿದ್ದ ನಿರ್ಬಂಧವನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಈ ಕಾಯ್ದೆ ಮತ್ತೆ ಮತ್ತೆ ರಾಜಕೀಯದ ಕೈಗೆ ಸಿಕ್ಕಿದೆ. ಭೂಮಿತಿಯೂ ಸೇರಿದಂತೆ ನೋಂದಣಿಯ ದಿನಕ್ಕೆ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ಕಂದಾಯ ಕಾನೂನು ಬಲ್ಲ ವಕೀಲರಿಂದಲೇ ತಿಳಿಯಿರಿ.

“ವಿಲ್ ಬರೆದಿಟ್ಟರೆ ಸಾಲದೇ?” ಎನ್ನುವವರಿದ್ದಾರೆ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ವಿಲ್ ನಿಮ್ಮ ಜೀವಿತಾವಧಿಯಲ್ಲಿ ಯಾವತ್ತೂ ಬದಲಾಗಬಹುದು, ಸತ್ತ ಮೇಲೆ ಅದನ್ನು ಪ್ರಶ್ನಿಸಲು ಹತ್ತು ಕಾರಣ ಹುಟ್ಟುತ್ತವೆ, ಉತ್ತರ ಹೇಳಲು ಬರೆದವರೇ ಇರುವುದಿಲ್ಲ. ಈಗಲೇ ಭೂಮಿ ಬಿಟ್ಟುಕೊಡಲು ಮನಸ್ಸಾಗದವರು ವಿಲ್ ಮಾಡಿ, ಅದನ್ನು ನೋಂದಾಯಿಸಿ, ಮಕ್ಕಳಿಗೆ ಓದಿ ಹೇಳಿ. ಗುಟ್ಟಾಗಿ ಬೀರುವಿನಲ್ಲಿಟ್ಟ ವಿಲ್ ಬಹಳ ಸಲ ಬೀರುವಿನಲ್ಲೇ ಉಳಿಯುತ್ತದೆ.

ಕಾಡಿಗೇ ಸೇರಿಸಿಬಿಡುವುದು

ನಿಮ್ಮ ಜಮೀನು ಎರಡು ಕಾಡುಗಳ ನಡುವೆ ಇದ್ದರೆ ಮೂರನೇ ದಾರಿಯೂ ಉಂಟು. ಕೊಳ್ಳೇಗಾಲದ ಕಡೆಯ ಎಡಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನನ್ನು ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. 25 ಎಕರೆ ಆನೆಗೆ ಏನೂ ಅಲ್ಲ, ಆದರೆ ಅದು ಇಕ್ಕಟ್ಟಿನ ಕುತ್ತಿಗೆಯಲ್ಲಿದ್ದರೆ ಅದೇ ಎಲ್ಲ. ಇಂಥ ಜಾಗದಲ್ಲಿ ಬೇಸಾಯ ಮಾಡಿ ಸೋತವರಿಗೆ ಬೆಲೆಯೂ ಬರುತ್ತದೆ, ಭೂಮಿಯೂ ಉಳಿಯುತ್ತದೆ. ಮಾರುವುದಾದರೆ ಕೊನೆಗೆ ಭೂಮಿ ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಸಣ್ಣ ಉಪಾಯ, ವಕೀಲರೊಡನೆ ಕೂತು ಯೋಚಿಸಬೇಕಾದದ್ದು. ನಿಮ್ಮ ಕಾಡಿನ ಅಬ್ಬಿ ನೀರು ಕೆಳಗಿನ ತೋಟದವರಿಗೂ ಹರಿಯುತ್ತದಲ್ಲವೇ? ಹಾಗಿದ್ದರೆ ಅವರದು ಪ್ರಯೋಜನ ಪಡೆಯುವ ಜಮೀನಾಯಿತು. ನೀರಿನ ಹುಟ್ಟಿನ ಸುತ್ತ ಕಡಿಯುವುದಿಲ್ಲ, ಅಗೆಯುವುದಿಲ್ಲ ಎಂಬ ನೋಂದಾಯಿತ ಒಪ್ಪಂದವನ್ನು ಅವರೊಡನೆ ಮಾಡಿಕೊಂಡರೆ, ಮುಂದೆ ಕಡಿಯಲು ಹೊರಟವರನ್ನು ತಡೆಯಲು ಕೆಳಗಿನವರಿಗೆ ತಮ್ಮದೇ ಕಾರಣವಿರುತ್ತದೆ. ಇದು ವನ್ಯಜೀವಿಗಾಗಿ ಮಾಡಿದ ಕಾನೂನಲ್ಲ. ಆದರೆ ನೀರಿಗಾಗಿ ಜಗಳಕ್ಕೆ ನಿಂತವರಷ್ಟು ಗಟ್ಟಿ ಕಾವಲುಗಾರರು ಬೇರೆ ಸಿಗಲಾರರು.

ಇಷ್ಟೆಲ್ಲ ಬೀಗ ಹಾಕಿದರೂ ಸರ್ಕಾರ ಹೆದ್ದಾರಿಗೋ ರೈಲಿಗೋ ಭೂಸ್ವಾಧೀನಕ್ಕೆ ಬಂದರೆ ಇವ್ಯಾವುವೂ ಪೂರ್ತಿ ತಡೆಯಲಾರವು. ಆಗ ನಿಮ್ಮ ಕೈಯಲ್ಲಿ ಆಕ್ಷೇಪಣೆಗೆ ಬೇಕಾದ ದಾಖಲೆ ಇರುತ್ತದೆ. ದಾಖಲೆ ಇಲ್ಲದ ಕಾಡು ಪಹಣಿಯಲ್ಲಿ ಬರೀ ‘ಪಾಳು’.

ಬಿಡುವುದೂ ಒಂದು ಕೆಲಸ

ಕಾಗದ ಆಯಿತು, ನೆಲದಲ್ಲಿ ಏನು ಮಾಡಬೇಕು? ಬಹಳ ಕಡೆ ಉತ್ತರ: ಕಡಿಮೆ ಮಾಡಿ. ಒಣಗಿ ನಿಂತ ಮರವನ್ನು ಸೌದೆಗೆ ಉರುಳಿಸಬೇಡಿ, ಮರಕುಟಿಗ ಕೊರೆದ ಪೊಟರೆಯಲ್ಲಿ ಆಮೇಲೆ ಗಿಳಿ, ಗೂಬೆ ಸೇರುತ್ತವೆ. ಹಳ್ಳದ ಎರಡೂ ದಡದ ಗಿಡ ಸವರಬೇಡಿ. ರಾತ್ರಿ ಫ್ಲಡ್‌ಲೈಟ್ ಬೇಡ. ಲಂಟಾನ ಹಬ್ಬಿದ್ದರೆ ಬೇರು ಸಹಿತ ಕೀಳಿಸಿ, ಅದೂ ಒಮ್ಮೆಗೇ ಅಲ್ಲ, ಪಟ್ಟಿ ಪಟ್ಟಿಯಾಗಿ, ಕಿತ್ತ ಕಡೆ ಊರಿನ ಗಿಡ ಎದ್ದ ಮೇಲೆ ಮುಂದಿನದು. ಬೇಸಿಗೆಗೆ ಮೊದಲು ಗಡಿಯಲ್ಲಿ ಫೈರ್‌ಲೈನ್ ಎಳೆಸಿ.

ಕಾಸರಗೋಡಿನ ಅಬ್ದುಲ್ ಕರೀಮ್ 1977ರಲ್ಲಿ ಐದು ಎಕರೆ ಮುರಕಲ್ಲಿನ ಬೋಳುಗುಡ್ಡ ಕೊಂಡು, ದೂರದಿಂದ ನೀರು ಹೊತ್ತು ಗಿಡ ಬದುಕಿಸಿ, ಕೊನೆಗೆ 32 ಎಕರೆ ಕಾಡು ಮಾಡಿದರು. ಒಣಗಿದ್ದ ಬಾವಿಗೆ ನೀರು ಬಂತು. ಒಂದು ಹಂತ ದಾಟಿದ ಮೇಲೆ ಅವರು ಕಾಡಿನ ಪಾಡಿಗೆ ಕಾಡನ್ನು ಬಿಟ್ಟರು, ಬಿದ್ದ ಎಲೆಯನ್ನೂ ಗುಡಿಸಲಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಇದು ಸರಿ. ಬಯಲುಸೀಮೆಯವರು ಇದನ್ನೇ ಅನುಸರಿಸಬೇಡಿ. ಕೊಪ್ಪಳ, ಹಾವೇರಿ ಕಡೆಯ ಕುರುಚಲು, ಹುಲ್ಲುಬಯಲು ‘ಬರಡು’ ಅಲ್ಲ, ತೋಳ, ನರಿ, ಕೃಷ್ಣಮೃಗಗಳ ಮನೆ. ಅಲ್ಲಿ ಸಾವಿರ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದೆಂದರೆ ಆ ಮನೆಗೆ ಗೋಡೆ ಕಟ್ಟಿದಂತೆ.

ನೆರೆಯವರ ವಿಷಯ. ನಿಮ್ಮ ಕಾಡಿನಿಂದ ಹಂದಿ ಹೊರಟು ಪಕ್ಕದ ಗದ್ದೆ ಮೇಯ್ದರೆ ಅವರ ಸಿಟ್ಟು ನ್ಯಾಯವಾದದ್ದೇ. ಬೆಳೆಹಾನಿ ಪರಿಹಾರಕ್ಕೆ ಅವರ ಅರ್ಜಿ ಬರೆದುಕೊಡುವುದು, ಫೋಟೊ ತೆಗೆದು ಆರ್‌ಎಫ್‌ಒ ಕಚೇರಿಗೆ ಮುಟ್ಟಿಸುವುದು ನಿಮ್ಮ ಕೆಲಸವಾಗಲಿ. ಬೇಲಿಯಲ್ಲಿ ಉರುಳು ಕಂಡಾಗ ಯಾರು ಇಟ್ಟದ್ದೆಂದು ನಿಮಗೆ ಹೇಳುವವರು ಅವರೇ.

ಹಣವೂ ಬೇಕು. ಒಬ್ಬ ಕಾವಲಿನವನ ಸಂಬಳ, ವರ್ಷಕ್ಕೊಮ್ಮೆ ಫೈರ್‌ಲೈನ್, ಆಡಿಟ್ ಖರ್ಚು. ಎರಡು ಎಕರೆ ಕಾಡಿನ ಜೊತೆ ಅರ್ಧ ಎಕರೆ ಫಸಲು ಬರುವ ತೋಟವನ್ನೂ ಟ್ರಸ್ಟಿಗೆ ಬರೆದರೆ ಆ ಆದಾಯದಲ್ಲಿ ಇದು ನಡೆಯುತ್ತದೆ. ದೇವಸ್ಥಾನಕ್ಕೆ ಉಂಬಳಿ ಬಿಟ್ಟಂತೆ. ಕೊಡಗಿನಲ್ಲಿ 1,214 ದೇವರಕಾಡುಗಳು ಲೆಕ್ಕಕ್ಕಿವೆ, ಒಟ್ಟು 2,550 ಹೆಕ್ಟೇರಿನಷ್ಟು. ಅವೂ ಒತ್ತುವರಿಯಿಂದ ಕರಗುತ್ತಲೇ ಬಂದವು. ಉಳಿದವುಗಳಿಗೆ ಒಂದು ದೈವ, ಒಂದು ಹಬ್ಬ, ನಡೆಸಿಕೊಂಡು ಬರುವ ಮನೆಗಳು ಇದ್ದವು. ನಿಮ್ಮ ಕಾಡಿಗೂ ವರ್ಷಕ್ಕೊಂದು ದಿನ ಗೊತ್ತುಮಾಡಿ, ಊರಿನ ಶಾಲೆ ಮಕ್ಕಳು ಬಂದು ಹೋಗಲಿ.

ಶುರು ಎಲ್ಲಿಂದ ಎಂದರೆ, ಹದ್ದುಬಸ್ತಿನ ಅರ್ಜಿಯಿಂದ. ಮಾಘ ಕಳೆಯುವ ಮೊದಲೇ ನಾಡಕಚೇರಿಗೆ ಹೋಗಿ ಹಾಕಿಬನ್ನಿ. ಮಳೆ ಹಿಡಿದ ಮೇಲೆ ಜಿಗಣೆ ಕಾಡಿಗೆ ಸರ್ವೆಯವರು ಚೈನು ಹಿಡಿದು ಬರುವುದಿಲ್ಲ.